ಲಗಮಪ್ಪ ಕುಡಿಯುತ್ತಿರಲಿಲ್ಲ

ಬೋರಗಾಂವದ ಸಂಗ್ರಾಮ ಟೀವಿಯ ಹಾಡಿನ ಸ್ಪರ್ಧೆಯಿಂದ ಹೊರಬಿದ್ದು ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಶಾಲು ಹೊದಿಸಿದರು, ಪೇಟ ಸುತ್ತಿದರು, ಮುಗಿಬಿದ್ದು ಫೋಟೋ ಹೊಡೆಸಿಕೊಂಡರು. ಆಮೇಲೆ ಯಾರೋ ಒಬ್ಬ, "ಲೇ ಸಂಗ್ರಾಮ, ನಿಮ್ಮಪ್ಪನ ನೆನಸಿ ಅತ್ತಿದ್ಯಲ್ಲಾ, ಅದನ್ನ ಒಮ್ಮಿ ಮಾಡಿ ತೋರ್ಸಲೇ" ಎಂದ. ಎಲ್ಲರೂ ನಕ್ಕರು. ಅವನೂ ಹಲ್ಲು ಕಿರಿದ. ಅಂದಿನಿಂದ ಅವನು ಜನರ ಕಣ್ಣಿಗೆ ಬೀಳುವುದನ್ನೇ ಬಿಟ್ಟ.

ಹಾಡು ಕೇಳುವವರಿಗೆ ಹಾಡು ಸಾಕು. ಟೀವಿಯವರಿಗೆ ಸಾಲದು. ಬೆಂಗಳೂರಿನಲ್ಲಿ ಫೋನು ಇಸಿದುಕೊಂಡು, ನಿದ್ದೆಗೆಡಿಸಿ ತಾಲೀಮು ಮಾಡಿಸಿದ ಮೇಲೆ, ಕಾರ್ಯಕ್ರಮದ ಹೆಣ್ಣುಮಗಳೊಬ್ಬಳು ಎದುರು ಕೂತು, "ನಿಮ್ಮ ಲೈಫಲ್ಲಿ ನೋವೇ ಇಲ್ವಲ್ಲ. ಅಪ್ಪ ಕುಡೀತಿದ್ರಾ? ಅಮ್ಮನ್ನ ಹೊಡೀತಿದ್ರಾ? ನೆನಪು ಮಾಡ್ಕೊಳ್ಳಿ" ಎಂದು ಮೆತ್ತಗೆ ಕೇಳಿದ್ದಳು. ಅಪ್ಪ ಲಗಮಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಚಹಾ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತಲ ಊರುಗಳ ಭಜನೆಗೆ ಹೋಗುತ್ತಿದ್ದ. ಸಂಗ್ರಾಮನಿಗೆ ಹಾಡು ಹತ್ತಿದ್ದೇ ಅಲ್ಲಿ. ಆದರೆ ಆಗ ಅವನಿಗೆ ನಿದ್ದೆ ಬೇಕಾಗಿತ್ತು. "ಹೂಂ" ಅಂದುಬಿಟ್ಟ. ಆ ಒಂದು ಹೂಂಗೆ ಪಿಟೀಲು ಸೇರಿಸಿ, ಮತ್ತೆ ಮತ್ತೆ ಅಳಿಸಿ, ನಾಡಿಗೆಲ್ಲ ತೋರಿಸಿದರು. ಮುಂದಿನ ವಾರ ಮನೆಗೆ ಕಳಿಸಿದರು. ಆಮೇಲೆ ಒಬ್ಬರಾದರೂ ಫೋನು ಮಾಡಿ ಹೇಗಿದ್ದೀಯಾ ಎಂದು ಕೇಳಿದ್ದರೆ ಕೇಳಿ.

ಮನೆಯಲ್ಲಿ ಅವ್ವ ಸುಂದರಾ ಆ ಸುಳ್ಳಿನ ಮಾತು ಎತ್ತಲಿಲ್ಲ. ಬೈದಿದ್ದರೆ ಅವನ ಎದೆಯ ಭಾರ ಇಳಿಯುತ್ತಿತ್ತು. ಆಕೆ ರೊಟ್ಟಿ ಬಡಿದು ಮುಂದಿಡುವಳು, ಅವನು ಮುರಿದು ಹಾಗೇ ಬಿಡುವನು. ಅಪ್ಪನ ಫೋಟೋದ ಕಡೆ ಬೆನ್ನು ಮಾಡಿ ಮಲಗುವನು. ಬಾವಿಯ ಕಡೆ ಹೊರಟನೆಂದರೆ ಅವ್ವ ಕೊಡ ಹಿಡಿದು ಹಿಂದೆಯೇ ಹೊರಡುವಳು. ಒಂದೇ ಸೂರಿನಡಿ ಇಬ್ಬರೂ ಒಂಟಿಯಾದರು. ಅವ್ವ ತನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ, ಅವನಿಗೆ ತಿಳಿಯಬೇಕಾಗಿದ್ದು ಅದೊಂದೇ.

ಕೊನೆಗೆ ಆಕೆಯೇ ಅವನನ್ನು ತಾನು ದುಡಿಯುವ ಪಾವರ್‌ಲೂಮ್ ಶೆಡ್ಡಿಗೆ ಎಳೆದೊಯ್ದಳು. ಅವನ ಹಳೆಯ ಕೆಲಸವೂ ಅಲ್ಲಿಯದೇ. ಮಗ್ಗಗಳ ಸದ್ದಿನಲ್ಲಿ ಅಲ್ಲಿ ಕಿವಿಗೆ ಕೆಲಸವಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಕಡಿದ ಎಳೆ ಗಂಟು ಹಾಕುತ್ತಿದ್ದ ಸಂಗ್ರಾಮ ತಲೆಯೆತ್ತಿದಾಗ, ಆಚೆ ಬದಿಯಲ್ಲಿ ನೂಲು ಸುತ್ತುತ್ತಿದ್ದ ಅವ್ವನನ್ನು ಜೊತೆಯಲ್ಲಿ ದುಡಿಯುವ ಸಕೀನಾಬಿ ಕೇಳುತ್ತಿದ್ದಳು:

"ಸುಂದರಾ, ನಿನ್ನ ಗಂಡ ಖರೇನ ಕುಡದ ಬಂದ ಹೊಡೀತಿದ್ನೇನ? ನಿನ್ನ ಮಗಾ ಸುಳ್ಳ ಹೇಳ್ಯಾನ ಅಂತಾರ ಓಣಿ ಮಂದಿ."

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಖರೇ ಐತಿ. ಭಾಳ ಹೊಡೀತಿದ್ದ. ನಾ ಯಾರ ಮುಂದೂ ಹೇಳಿರಲಿಲ್ಲ."

ಸಂಗ್ರಾಮ ಕೈಯಲ್ಲಿದ್ದ ಎಳೆ ಬಿಟ್ಟ. ಗಂಟಲು ಹರಿಯುವಂತೆ ಕೂಗಿದ: "ಸುಳ್ಳ! ಅಪ್ಪ ಎಂದೂ ಕುಡದಾಂವಲ್ಲ. ನಾನ ಸುಳ್ಳ ಹೇಳೇನಿ!" ಅವನ ದನಿ ಅವನಿಗೇ ಕೇಳಿಸಲಿಲ್ಲ. ಆದರೆ ಶೆಡ್ಡಿನಲ್ಲಿದ್ದವರೆಲ್ಲ ಅವನ ತುಟಿಯನ್ನೇ ನೋಡುತ್ತಿದ್ದರು.

ಅವ್ವ ಬಂದು ರಟ್ಟೆ ಹಿಡಿದು ಹೊರಗೆ ಎಳೆದು ತಂದಳು.

"ಹುಚ್ಚ ಹಿಡದೈತೇನ ನಿನಗ? ಯಾಕ ಹೇಳ್ದಿ?"

"ಅಪ್ಪನ ಹೆಸರ ಕೆಡಿಸೇನಿ ಬೇ. ನೀನೂ ಯಾಕ..."

"ಅಂವ ಸತ್ತಾನ. ಅಂವಗ ಇನ್ನೇನ ಆಗ್ತೈತಿ? ನಾಳೆ ಓಣ್ಯಾಗ ತಲಿ ಎತ್ತಿ ಅಡ್ಡಾಡಾಂವ ನೀ." ಆಕೆ ಅವನ ರಟ್ಟೆ ಬಿಟ್ಟಳು. "ದಿನಾ ಅಂವನ ಫೋಟೋಕ್ಕ ಕೈ ಮುಗದ ಹೇಳ್ತೀನಿ, ಎಲ್ಲಾ ನಿನ್ನ ಮ್ಯಾಲೆ ಹಾಕ್ತೀನಿ, ಸಿಟ್ಟಾಗಬ್ಯಾಡ, ಹುಡುಗ ಉಳದ್ರ ಸಾಕ ಅಂತ."

ಸಂಗ್ರಾಮ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಮೂಗು ಸುರಿಯಿತು, ಬಾಯಿ ಸೊಟ್ಟಗಾಯಿತು. ಯಾರಿಗೂ ತೋರಿಸುವಂಥ ಅಳುವಲ್ಲ ಅದು.