ಕಾರ್ಡಿನ ವ್ಯಾಟು

ಶಾಗ್ಯ ಎಂಬ ಊರಿನ ಕಾಡಂಚಿನಲ್ಲಿ ರಾಚಮ್ಮನ ಜೋಳದ ಹೊಲಕ್ಕೆ ಅಂಟಿಕೊಂಡಂತೆ ಒಂದು ಕಂಬ. ಮೇಲೆ ಕ್ಯಾಮೆರಾ, ಕೆಳಗೆ ತಗಡಿನ ಪೆಟ್ಟಿಗೆ. ಆನೆ ಕಂಡರೆ ಪೆಟ್ಟಿಗೆ ಕೂಗಬೇಕು. ಆದರೆ ಬೆಳಗಿನ ಜಾವದೊಳಗೆ ಬ್ಯಾಟರಿ ಮುಗಿದು ಪೆಟ್ಟಿಗೆ ಮೂಕವಾಗಿರುತ್ತಿತ್ತು. ಯಾಕೆಂದು ನೋಡಲು ಯಳಂದೂರಿನಿಂದ ಮಹದೇವಿಯನ್ನು ಕರೆಸಿದ್ದರು.

ಮಹದೇವಿ ಬಿಳಿಗಿರಿರಂಗನ ಬೆಟ್ಟದ ಪೋಡಿನವಳು, ಕಾಡೊಳಗಿನ ಪುಟ್ಟ ಹಾಡಿಯವಳು. ಐಟಿಐ ಓದಿ, ಹನ್ನೆರಡು ವರ್ಷದಿಂದ ಪಂಪ್‌ಸೆಟ್ಟು, ಸೋಲಾರು ರಿಪೇರಿ ಮಾಡುತ್ತಿದ್ದಳು. ತಂತಿಯನ್ನು ಕತ್ತರಿಸದೆ, ಇಕ್ಕಳದಂತೆ ಕಚ್ಚಿಸಿ ಕರೆಂಟು ಅಳೆಯುವ ಕ್ಲಾಂಪ್ ಮೀಟರು ಅವಳ ಜೀವ.

"ಏನ್ ಮಗಾ, ಬ್ಯಾಟ್ರಿ ಕುಡ್ದಾಕೋದು ಯಾವ್ದು ಅಂತ ನೀನಾದ್ರೂ ಯೋಳು," ಎಂದಳು ರಾಚಮ್ಮ.

ಪೆಟ್ಟಿಗೆ ಕೂರಿಸಿದ ಎಂಜಿನಿಯರು ಮಣಿಕಂಠ, ಕೊಳ್ಳೇಗಾಲದವನು. ಒಳಗಿನ ಪುಟ್ಟ ಕಂಪ್ಯೂಟರಿಗೆ ಸಿಕ್ಕಿಸಿದ ಹಸಿರು ಹಲಗೆಯನ್ನು ತೋರಿಸಿದ. "ಇದು ಎಫ್‌ಪಿಜಿಎ ಕಾರ್ಡ್ ಅಕ್ಕ. ಬೇರೆ ಚಿಪ್ಪಿನ ಹಾಗಲ್ಲ, ನಮಗೆ ಯಾವ ಕೆಲಸ ಬೇಕೋ ಅದಕ್ಕೆ ತಕ್ಕ ಹಾಗೆ ಇದರ ಒಳಗಿನ ಜೋಡಣೆಯನ್ನೇ ಬದಲಾಯಿಸಬಹುದು. ಚಿತ್ರದಲ್ಲಿರೋದು ಆನೆಯೋ ಹಸುವೋ ಅಂತ ಕಂಡುಹಿಡಿಯೋದು ಇದೇ. ಇಪ್ಪತ್ನಾಲ್ಕು ವ್ಯಾಟ್ ತಗೊಳ್ಳುತ್ತೆ. ಕಾರ್ಡೇ ಲ್ಯಾಪ್‌ಟಾಪಿಗೆ ಹೇಳುತ್ತಿದೆ, ನೋಡಿ."

ಬ್ಯಾಟರಿಯ ಲೆಕ್ಕವನ್ನೆಲ್ಲ ಅವನು ಆ ಇಪ್ಪತ್ನಾಲ್ಕರ ಮೇಲೆಯೇ ಹಾಕಿದ್ದ.

ಮಹದೇವಿ ಕಾರ್ಡು ತೆಗೆಸಿ ಕಂಪ್ಯೂಟರಿಗೆ ಹೋಗುವ ತಂತಿಯನ್ನು ಅಳೆದು, ಬ್ಯಾಟರಿಯ ವೋಲ್ಟಿನಿಂದ ಗುಣಿಸಿದಳು: ಹದಿನೆಂಟು ವ್ಯಾಟು. ಕಾರ್ಡು ಹಾಕಿಸಿ ಮತ್ತೆ ಅಳೆದಳು: ಐವತ್ತೆರಡು. ಕಳೆದರೆ ಕಾರ್ಡಿನದು ಮೂವತ್ನಾಲ್ಕು! ಅವಳಿಗೆ ತಲೆ ಕೆಟ್ಟಿತು. ಬೆರಳು ಮಡಚಿ ಮತ್ತೆ ಲೆಕ್ಕ ಹಾಕಿದಳು. ಮೂವತ್ನಾಲ್ಕೇ.

"ಹತ್ತು ವ್ಯಾಟು ಎಚ್ಚಿಗೆ ಬತ್ತದೆ ಸಾ."

"ಸಾಧ್ಯವೇ ಇಲ್ಲ. ಮೀಟರು ಕೊಡಿ ಇಲ್ಲಿ." ಮಣಿಕಂಠ ತಾನೇ ಇಕ್ಕಳ ಕಚ್ಚಿಸಿದ. ಪರದೆಯ ಮೇಲೆ ಸೊನ್ನೆ. "ನೋಡಿದ್ರಾ? ಮೀಟರೇ ಕೆಟ್ಟಿದೆ!"

"ಎರಡು ತಂತೀನೂ ಒಟ್ಗೆ ಕಚ್ಸಿದೀರಿ ಸಾ. ಓಗೋ ಕರೆಂಟು, ಬರೋ ಕರೆಂಟು ಎರಡೂ ಸಮ ಆಗಿ ಸೊನ್ನೆ ತೋರ್ತದೆ. ಒಂದೇ ತಂತಿ ಇಡೀಬೇಕು."

ಮಣಿಕಂಠನ ಕಿವಿ ಕೆಂಪಾಯಿತು. ಆದರೆ ಅಳುಕು ಹುಟ್ಟಿದ್ದು ಮಹದೇವಿಯಲ್ಲಿ. ಅವಳ ಮೀಟರು ಹಳೆಯದು, ಅವನ ಕಾರ್ಡು ಹೊಸದು. ಕಾರ್ಡಿನ ವಿಷಯ ತನಗಿಂತ ಚೆನ್ನಾಗಿ ಕಾರ್ಡಿಗೇ ಗೊತ್ತಿರಬೇಕಲ್ಲವೇ? ಚೀಲದಿಂದ ಬೈಕಿನ ಹೆಡ್‌ಲೈಟ್ ಬಲ್ಬೊಂದನ್ನು ತೆಗೆದಳು. ಮೂವತ್ತೈದು ವ್ಯಾಟಿನದು. ಬ್ಯಾಟರಿಗೆ ಹಚ್ಚಿ ಅಳೆದಳು. ಮೂವತ್ತೈದು, ಚೂರು ಹೆಚ್ಚೇ. ಮೀಟರು ಸುಳ್ಳು ಹೇಳುತ್ತಿರಲಿಲ್ಲ. ಲ್ಯಾಪ್‌ಟಾಪಿನ ಇಪ್ಪತ್ನಾಲ್ಕೂ ಅಲುಗಲಿಲ್ಲ. ಎರಡೂ ನಿಜವಾದರೆ ಆ ಹತ್ತು ವ್ಯಾಟು ಹೋಗುತ್ತಿರುವುದೆಲ್ಲಿಗೆ?

ಕೂತು ಕಾರ್ಡನ್ನೇ ನೋಡಿದಳು. ಅದರ ಬೆನ್ನಿಗೆ ಕಂಪ್ಯೂಟರಿನ ಒಳಗಿಂದಲೇ ಒಂದು ದಪ್ಪ ತಂತಿ ಬೇರೆ ಬಂದಿತ್ತು. ಅದನ್ನಷ್ಟೇ ಕಚ್ಚಿಸಿದಳು. ಸರಿಯಾಗಿ ಇಪ್ಪತ್ನಾಲ್ಕು.

"ಸಾ, ಈ ತಂತಿ ಬಿಟ್ಟು ಇನ್ನೆಲ್ಲಿಂದಾನಾ ಕರೆಂಟು ತಕತದಾ ಇದು?"

ಮಣಿಕಂಠ ಕಾರ್ಡಿನ ಕೈಪಿಡಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಬಹಳ ಹೊತ್ತು ಓದಿದ. ಸಿಕ್ಕಿಸಿದ ಜಾಗದಿಂದಲೂ ಕಾರ್ಡು ಕರೆಂಟು ಎಳೆಯುತ್ತದೆ, ಆದರೆ ಅದು ತಾನೇ ಅಳೆದು ಹೇಳುವುದು ಬೆನ್ನಿನ ತಂತಿಯದನ್ನಷ್ಟೇ, ಎಂದಿತ್ತು ಅಲ್ಲಿ.

"ನಾನು ಇದನ್ನು ಓದೇ ಇರಲಿಲ್ಲ ಅಕ್ಕ," ಎಂದ ಮೆಲ್ಲಗೆ.

ಸರಿ, ಅಳತೆಯ ಫಾರಂನಲ್ಲಿ ಮೂವತ್ನಾಲ್ಕು ಎಂದು ಬರೆದು ಮುಗಿಸಿದರು. ರಾಚಮ್ಮ ಕೊಟ್ಟ ಮುದ್ದೆ, ಉಪ್ಸಾರು ಉಂಡರು. ಹೊರಡುವ ಮುಂಚೆ ಇನ್ನೊಂದು ಸಲ ನೋಡೋಣವೆಂದು ಮಹದೇವಿ ಮೀಟರು ಕಚ್ಚಿಸಿದಳು. ಅದೇ ಕಾರ್ಡು, ಅದೇ ಕ್ಯಾಮೆರಾ, ಅದೇ ಕೆಲಸ. ಹದಿನೆಂಟು ಕಳೆದು ನೋಡಿದರೆ ನಲವತ್ತು!

"ಇದೇನ್ ಗಾಚಾರನಪ್ಪ!" ಎಂದು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಉಂಡಿದ್ದು ತಾವಿಬ್ಬರು, ಹಸಿವು ಹೆಚ್ಚಿದ್ದು ಕಾರ್ಡಿಗೆ. ಮೀಟರಿನ ಸೊನ್ನೆ ಸರಿಮಾಡಿದಳು, ತಂತಿ ತಿರುಗಿಸಿ ಕಚ್ಚಿಸಿದಳು, ಬಲ್ಬು ಹಚ್ಚಿ ಮತ್ತೆ ಪರೀಕ್ಷಿಸಿದಳು. ನಲವತ್ತು ನಲವತ್ತೇ. ಬೆಳಿಗ್ಗೆ ತಾನು ಅಳೆದದ್ದೇ ತಪ್ಪೋ, ಈಗ ಅಳೆಯುತ್ತಿರುವುದು ತಪ್ಪೋ ತಿಳಿಯದೆ ಮೀಟರನ್ನು ತಂತಿಗೇ ಕಚ್ಚಿಸಿ ಬಿಟ್ಟಳು.

ಅಷ್ಟರಲ್ಲಿ ಸೂರ್ಯನಿಗೆ ದೊಡ್ಡದೊಂದು ಮೋಡ ಅಡ್ಡ ಬಂತು. ಕಾಡಿನ ಕಡೆಯಿಂದ ತಣ್ಣನೆ ಗಾಳಿ ಬೀಸಿತು. ಯಾರೂ ಏನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮೀಟರಿನ ಅಂಕಿ ತಾನಾಗಿ ಇಳಿಯತೊಡಗಿತು. ಕಳೆದರೆ ಮೂವತ್ತೊಂಬತ್ತು. ಮೂವತ್ತೆಂಟು. ಮಹದೇವಿ ಪೆಟ್ಟಿಗೆಯ ತಗಡಿಗೆ ಅಂಗೈ ಒತ್ತಿದಳು, ಚುರ್ ಎಂದಿತು.

"ಬಿಸಿ ಸಾ! ಬಿಸಿಗೆ ಜಾಸ್ತಿ ತಕತದೆ!"

"ಹೌದು, ಚಿಪ್ಪು ಕಾದಷ್ಟೂ ಕರೆಂಟು ಸುಮ್ಮನೆ ಸೋರುತ್ತೆ. ಕಾಲೇಜಿನಲ್ಲಿ ಓದಿದ್ದೆ. ಆದರೆ ಇಷ್ಟೊಂದಾ?" ಎಂದ ಮಣಿಕಂಠ. ಆಮೇಲೆ ಕೈಯಲ್ಲಿದ್ದ ಫಾರಂ ನೋಡಿ ಪೇಚಾಡಿದ. "ಇಲ್ಲಿ ಅಂಕಿಗೆ ಒಂದೇ ಜಾಗ ಇದೆ. ಯಾವ ಅಂಕಿ ಬರೀಲಿ ಅಕ್ಕ?"

ಮಹದೇವಿ ಎರಡನ್ನೂ ಬರೆಸಿದಳು, ಪಕ್ಕದಲ್ಲಿ ಹೊತ್ತನ್ನೂ ಬರೆಸಿದಳು.

ಮುಂದಿನ ವಾರ ಇನ್ನೊಂದು ಬ್ಯಾಟರಿ ಬಂತು. ಪೆಟ್ಟಿಗೆಯ ಮೇಲೆ ರಾಚಮ್ಮನೇ ತೆಂಗಿನ ಗರಿಯ ಚಪ್ಪರ ಹಾಕಿಕೊಟ್ಟಳು. ಮಣಿಕಂಠ ಫೋನು ಮಾಡಿದಾಗ ಮಹದೇವಿ ಹೊನ್ನೂರಿನಲ್ಲಿ ಪಂಪಿನ ಸ್ಟಾರ್ಟರು ಬಿಚ್ಚಿಕೊಂಡು ಕೂತಿದ್ದಳು.

"ಬೆಳಿಗ್ಗೆವರೆಗೂ ಬ್ಯಾಟರಿ ನಿಲ್ತಿದೆ ಅಕ್ಕ. ಆದರೆ ನೆರಳು ಮಾಡಿದ ಮೇಲೂ ಮಧ್ಯಾಹ್ನ ಮೂವತ್ತೇಳು ಬರ್ತಿದೆ. ಮೂವತ್ನಾಲ್ಕಕ್ಕೆ ಇಳೀತಾನೇ ಇಲ್ಲ. ಯಾಕಿರಬಹುದು?"

ಮಹದೇವಿ ಸ್ಕ್ರೂಡ್ರೈವರು ಕೆಳಗಿಟ್ಟು ಯೋಚಿಸಿದಳು. ಪೆಟ್ಟಿಗೆಯೊಳಗಿನ ಫ್ಯಾನೇ? ಗರಿಯ ಸಂದಿನ ಬಿಸಿಲೇ?

"ನಂಗೊತ್ತಿಲ್ಲ ಸಾ," ಎಂದಳು. "ಗುರುವಾರ ಮೀಟ್ರು ತಕಂಡು ಬತ್ತೀನಿ, ಇರಿ."