ಎಳೆಗಾಪಿಗೆ ಎರಡನೆಯ ಸಾಕ್ಷಿ

ನಿಘಂಟು ಕಚೇರಿಯಲ್ಲಿ ಒಂದು ನಿಯಮವಿತ್ತು. ತಲೆ ಮೇಲೆ ತಲೆ ಬಿದ್ದರೂ ಅದು ತಪ್ಪುವಂತಿರಲಿಲ್ಲ. ಆಡುಮಾತಿನ ಯಾವುದೇ ಅರ್ಥ ಅಚ್ಚಿಗೆ ಹೋಗಬೇಕಾದರೆ ಇಬ್ಬರು ಸಾಕ್ಷಿ ಬೇಕು, ಇಬ್ಬರೂ ಅದನ್ನು ತಾವಾಗಿಯೇ ಆಡಿರಬೇಕು. "ಈ ಮಾತು ಗೊತ್ತಾ?" ಎಂದು ಕೇಳಿದಿರೋ, ಆ ಮಾತು ಬರೆದುಕೊಂಡ ಚೀಟಿ ಕಸದ ಬುಟ್ಟಿಗೆ. ಕೇಳಿದರೆ ಜನ ಗೊತ್ತಿಲ್ಲದ್ದಕ್ಕೂ ಹೂಂ ಅನ್ನುತ್ತಾರೆ ಎಂಬುದು ಸಂಪಾದಕರ ವಾದ. ಬೇರೆಯವರ ಮಾತನ್ನು ಅರ್ಧಕ್ಕೇ ಮುಗಿಸಿಬಿಡುತ್ತಿದ್ದ ಅವರಿಗೆ ಬೆನ್ನ ಹಿಂದೆ ಪೂರ್ಣವಿರಾಮ ಎಂದೇ ಹೆಸರು.

ಚೀಟಿ ಬರೆಯುವ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ್ದ ಅವಳು ಆ ದಿನ ಅವರ ಮೇಜಿನ ಮುಂದೆ 'ಎಳೆಗಾಪು' ಎಂಬ ಪದದ ಕಟ್ಟು ಹಿಡಿದು ನಿಂತಿದ್ದಳು. ಪೇಟೆಯಲ್ಲಿ ಈಗ ಎಳೆಗಾಪು ಎಂದರೆ ಯಾರಿಗೂ ಬೇಡದ ಮಾಲು. ಕೆಲಸಕ್ಕೆ ಬಾರದವನಿಗೂ ಅದೇ ಬೈಗುಳ. ಅದಕ್ಕೆ ಹದಿನೇಳು ಸಾಕ್ಷಿ. ಅದಕ್ಕೂ ಹಿಂದೆ, ಇನ್ನೂ ಮನೆಗೆ ಬಾರದವರಿಗೆಂದು ತೆಗೆದಿಟ್ಟ ಊಟಕ್ಕೆ ಆ ಹೆಸರಿತ್ತು. ಬುಡದಲ್ಲಿ ಅದು ನೇಕಾರರ ಮಾತು. ನೇಯ್ದ ಬಟ್ಟೆಯನ್ನು ಕತ್ತರಿಸಿ ತೆಗೆದ ಮೇಲೂ ಮಗ್ಗದಲ್ಲಿ ಗೇಣುದ್ದ ಹಳೆಯ ಎಳೆ ಬಿಟ್ಟಿರುತ್ತಾರೆ. ಮುಂದಿನ ಬಟ್ಟೆಗೆಂದು ಉದ್ದಕ್ಕೆ ಹೂಡುವ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಗಂಟು ಹಾಕಬೇಕು. ಬರಲಿರುವುದಕ್ಕಾಗಿ ಕಾಪಾಡಿದ ಎಳೆ. ಕಾಪಾಡಿದ್ದು ಉಳಿದದ್ದಾಯಿತು, ಉಳಿದದ್ದು ಬೇಡದ್ದಾಯಿತು, ಮಾತಿಗೂ ಒಂದು ಹಣೆಬರಹ ನೋಡಿ! ಹಳೆಯ ಅರ್ಥಗಳಿಗೆ ಇದ್ದದ್ದು ಒಬ್ಬನೇ ಸಾಕ್ಷಿ, ತೀರಿಹೋದ ಒಬ್ಬ ನೇಕಾರ.

"ಐದು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತೆ. ಇನ್ನೊಬ್ಬ ಸಾಕ್ಷಿ ಇಲ್ಲಾಂದ್ರೆ ಬೈಗುಳ ಒಂದೇ ಉಳಿಯೋದು," ಎಂದರು ಪೂರ್ಣವಿರಾಮ.

"ನಮ್ಮಮ್ಮ ಇದ್ದಾರೆ ಸಾರ್. ನಲವತ್ತು ವರ್ಷ ಮಗ್ಗದಲ್ಲಿ ಕೂತೋರು."

"ಮತ್ತೆ ಇಷ್ಟು ದಿನ ಅವರ ಚೀಟಿ ಯಾಕೆ ಬರೆದಿಲ್ಲ?"

ಅಮ್ಮ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಮನೆಯ ಬಾವಿ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಿದ್ದಳು. ಈ ಮೂರ್ಖತನವನ್ನು ಇನ್ಯಾರಾದರೂ ಮಾಡಿದ್ದರೆ ಅವಳೇ ಬೈದು ಬೆವರಿಳಿಸುತ್ತಿದ್ದಳು.

ಮನೆಯವರ ಮಾತನ್ನು ಬೇರೆಯವರೇ ಕಿವಿಯಾರೆ ಕೇಳಿ ಬರೆಯಬೇಕು, ಅದೂ ನಿಯಮ. ಹಾಗಾಗಿ ಅಲ್ಪವಿರಾಮನನ್ನು ಜೊತೆಗೆ ಕಳಿಸಿದರು. ನಾಲ್ಕು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಆ ಸಹೋದ್ಯೋಗಿ ಬಸ್ಸಿನಲ್ಲಿ ಕೇಳಿದ: "ಅಕ್ಕ, ಅಮ್ಮ ಅಂದ್ರೆ, ಚೆನ್ನಾಗಿ ಮಾತಾಡ್ತಾರೆ ತಾನೆ?"

"ಅವರ ಬಾಯಿ ಮುಚ್ಚಿಸೋದೇ ಕಷ್ಟ," ಎಂದಳು. ಆದರೆ ಎರಡು ತಿಂಗಳ ಹಿಂದೆ ಅಮ್ಮ ಕತ್ತರಿಗೆ 'ಆ ಕಚ್ಚೋದು' ಎಂದಿದ್ದಳು. ಹೋದ ವಾರ ಕಿಟಕಿಗೆ ಹೆಸರೇ ಸಿಗದೆ ಕೈ ತೋರಿಸಿದ್ದಳು. ಇವಳು ಅದನ್ನು ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ. ಪದ ಅಚ್ಚಾಗದೆ ಹೋದೀತೆಂಬುದಕ್ಕಿಂತ, ಅಮ್ಮನ ಬಾಯಲ್ಲಿ ಅದು ಇಲ್ಲವೇ ಇಲ್ಲ ಎಂದು ಇವತ್ತು ಗೊತ್ತಾಗಿಬಿಟ್ಟೀತೆಂದು ಅವಳಿಗೆ ಹೆಚ್ಚು ಅಂಜಿಕೆ.

ಅಮ್ಮ ಬಂದವನನ್ನು ನಗುತ್ತಾ ಕೂರಿಸಿದಳು. "ತುಂಬಾ ಸಣ್ಣಗಿದ್ದೀಯಪ್ಪ, ಆಫೀಸಲ್ಲಿ ಅನ್ನ ಹಾಕಲ್ವಾ?" ಎಂದು ಚೇಷ್ಟೆಯನ್ನೂ ಮಾಡಿದಳು. ಮಗಳಿಗೆ ಹೋದ ಜೀವ ಬಂದಂತಾಯಿತು. ಊಟ ಬಡಿಸಿ, ಬೇಕೆಂದೇ ಇನ್ನೊಂದು ತಟ್ಟೆ ಇಟ್ಟು ಹೇಳಿದಳು: "ನಿನ್ನ ಅಳಿಯ ಬರೋದು ಲೇಟಾಗುತ್ತಂತೆ ಅಮ್ಮ."

ಅಲ್ಪವಿರಾಮನ ಪೆನ್ಸಿಲ್ ಎದ್ದು ನಿಂತಿತು.

"ಮುಚ್ಚಿಡು. ಬಂದಾಗ ತಿಂತಾನೆ," ಎಂದಳು ಅಮ್ಮ.

ಪೆನ್ಸಿಲ್ ಮಲಗಿತು. ಗಂಟೆ ಮೂರಾಗಿತ್ತು. ನೇರವಾಗಿ ಕೇಳಿದರೆ ನಿಯಮ ಕೆಡುತ್ತದೆ, ಕೇಳದಿದ್ದರೆ ಹೊತ್ತು ಮೀರುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಅಮ್ಮನನ್ನು ಮಗ್ಗದ ಕೋಣೆಗೆ ಕರೆದುಕೊಂಡು ಹೋದಳು. ಎಂಟು ವರ್ಷದಿಂದ ನಿಂತ ಮಗ್ಗ. ಕೊನೆಯ ಬಟ್ಟೆ ತೆಗೆದ ದಿನ ಅಮ್ಮ ಬಿಟ್ಟಿದ್ದ ಗೇಣುದ್ದದ ಎಳೆಗಳು ಧೂಳು ಹೊದ್ದು ಹಾಗೇ ಬಿಗಿದು ನಿಂತಿದ್ದವು. ಅವನ್ನು ಮುಟ್ಟಲು ಅಮ್ಮ ಯಾರನ್ನೂ ಬಿಟ್ಟವಳಲ್ಲ. ಮಗಳು ಕತ್ತರಿ ತೆಗೆದು ಎಳೆಗಳ ಹತ್ತಿರ ಹಿಡಿದಳು. ಈಗ ಅಮ್ಮ ಆ ಮಾತು ಆಡಿ ಕೂಗುತ್ತಾಳೆ, ಕೂಗಲೇಬೇಕು.

"ಇಷ್ಟು ಧೂಳಾ! ಕೊಡಿಲ್ಲಿ, ನಿಂಗೆ ಬರಲ್ಲ," ಎಂದು ಅಮ್ಮ ಕತ್ತರಿ ಕಿತ್ತುಕೊಂಡಳು. ಆರಾಮಾಗಿ ಒಂದು ಹಿಡಿ ಎಳೆ ಒಟ್ಟು ಮಾಡಿ, ಕಚಕ್ಕೆಂದು ಕತ್ತರಿಸಿಯೇಬಿಟ್ಟಳು.

"ಅಮ್ಮಾ, ಬೇಡ! ಎಳೆಗಾಪು ಅದು! ಎಳೆಗಾಪು ಕತ್ತರಿಸ್ತಾರೇನಮ್ಮ ಯಾರಾದ್ರೂ!"

ಚೀಟಿ, ನಿಯಮ, ಐದು ಗಂಟೆ, ಯಾವುದೂ ಆ ಕ್ಷಣಕ್ಕೆ ಅವಳ ತಲೆಯಲ್ಲಿರಲಿಲ್ಲ. ಅಮ್ಮನ ಎರಡೂ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಹಿಂದೆ ಪೆನ್ಸಿಲ್ ಸರಸರ ಓಡುವ ಸದ್ದು.

"ಎಳೆಗಾಪಾ? ಹಾಗಂದ್ರೇನೇ?" ಎಂದಳು ಅಮ್ಮ.

ಮಗಳು ಮಗ್ಗದ ಹಲಗೆಯ ಮೇಲೆ ಪಕ್ಕದಲ್ಲಿ ಕುಳಿತಳು. ಎಲ್ಲ ಹೇಳಿದಳು. ಹೊಸ ಹಾಸು ಬರುವವರೆಗೆ ಹಳೆಯ ಎಳೆ ಕಾಯುವುದು, ಒಂದೊಂದೇ ಗಂಟು, ತಡವಾಗಿ ಬರುವವರ ತಟ್ಟೆ. ಅಮ್ಮ ಬಾಯಿ ತೆರೆದುಕೊಂಡು ಕೇಳಿದಳು.

"ಚೆನ್ನಾಗಿದೆ ಕಣೇ ಮಾತು. ಯಾರು ಹೇಳ್ಕೊಟ್ರು?"

"ನೀನೇ ಅಮ್ಮ."

"ನಾನಾ?" ಅಮ್ಮನ ಮುಖ ಅರಳಿತು. "ಪರವಾಗಿಲ್ವೇ ನಾನು!"

ಬಾಗಿಲ ಬಳಿ ಅಲ್ಪವಿರಾಮ ಕೆಮ್ಮಿದ. "ಅಕ್ಕ, ಕೇಳಿ ಆಡಿಸಿದ್ದಲ್ಲ, ತಾನಾಗಿ ಬಂದದ್ದು, ನಾನೇ ಕೇಳಿದ್ದೀನಿ. ಎರಡನೇ ಸಾಕ್ಷಿ, ನೀವೇ. ಕಸುಬು ಅಂತ ಇದೆಯಲ್ಲ, ಅಲ್ಲಿ ಏನು ಬರೀಲಿ?"

"ನೇಕಾರರ ಮಗಳು ಅಂತ ಬರಿ," ಎಂದಳು. ಅವನು ಬರೆದುಕೊಂಡು ಬಸ್ಸಿಗೆ ಓಡಿದ.

ಅಮ್ಮ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸದೆ ಉಳಿದ ಎಳೆಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಇನ್ನೊಂದ್ಸಲ ಹೇಳೇ ಅದನ್ನ," ಎಂದಳು. "ಈ ಸಲ ನೆನಪಿಟ್ಕೋತೀನಿ."