ನೋಟಿನ ಕಟ್ಟಕಡೆಯ ಸಾಲು

ಶವಪೆಟ್ಟಿಗೆಯ ಮುಚ್ಚಳವನ್ನು ನಾಲ್ವರು ಎತ್ತಿ ತಂದಾಗ ಸತ್ತವಳ ಗಂಡ ಶಾಲ್ವಾ ಅದಕ್ಕೆ ಅಡ್ಡ ಕೈಯಿಟ್ಟ.

"ಈಗಲೇ ಬೇಡ," ಅಂದ. "ಅವಳ ಭಾಷೇಲಿ ಯಾರಾದ್ರೂ ಒಂದು ಮಾತಾಡ್ಸಿ. ಆಮೇಲೆ ಮುಚ್ಚಿ."

ಮುಚ್ಚಳ ಹಿಡಿದಿದ್ದ ಅವನ ಅಣ್ಣನ ಮಗ ಬಿಚಿಕೋ ಕಿಟಕಿಯತ್ತ ನೋಡಿದ. ಹಿಮ ಬೀಳುವ ಹಾಗಿತ್ತು. ಗುಡ್ಡದ ದಾರಿ ಜಾರುತ್ತದೆ, ಪಾದ್ರಿ ಕಾಯುತ್ತಿದ್ದಾನೆ, ಅಂಗಳದಲ್ಲಿ ಕುರಿಮಾಂಸದ ಅನ್ನವೂ ಬೆಂದಾಯಿತು ಎಂದು ಚಿಕ್ಕಪ್ಪನಿಗೆ ಮೆಲ್ಲಗೆ ಬಿಡಿಸಿ ಹೇಳಿದ. ಮುದುಕ ಕೈ ತೆಗೆಯಲಿಲ್ಲ.

ಜಾರ್ಜಿಯದ ನಮ್ಮ ಕಾಖೇತಿ ಸೀಮೆಯಲ್ಲಿ ಸತ್ತವರನ್ನು ಬಾಯಿ ಮುಚ್ಚಿಕೊಂಡು ಕಳಿಸುವ ಪದ್ಧತಿಯಿಲ್ಲ. ಹೆಂಗಸರು ಸುತ್ತ ಕೂತು ಹೆಸರು ಹಿಡಿದು ಕರೆದು ಅಳುತ್ತಾರೆ. ಮುಂಚೆ ಹೋದವರಿಗೆಲ್ಲ ಈಗ ಹೊರಟವರ ಕೈಯಲ್ಲಿ ಸಮಾಚಾರ ಕಳಿಸುತ್ತಾರೆ. ಪಕ್ಕದ ಮನೆಯ ಝುಝುನಾ ಬೆಳಗಿನಿಂದ ಅದನ್ನೇ ಮಾಡುತ್ತಿದ್ದಳು. ತೀರಿಹೋದ ತನ್ನ ಗಂಡನಿಗೆ, ಹಲ್ಲು ಕಟ್ಟಿಸಿಕೊಂಡಿದ್ದೇನೆ, ಗುರುತು ಸಿಗಲಿಲ್ಲ ಅಂತ ಬೈಯಬೇಡ ಎಂದು ಹೇಳಿ ಕಳಿಸಿದ್ದಳು. ಎಲ್ಲವೂ ನಮ್ಮ ಜಾರ್ಜಿಯದ ಮಾತಿನಲ್ಲಿ.

ಆದರೆ ಪೆಟ್ಟಿಗೆಯಲ್ಲಿ ಮಲಗಿದ್ದ ಲೈದಾ ಹುಟ್ಟಿದ್ದು ದೂರದ ಎಸ್ಟೋನಿಯದಲ್ಲಿ, ಸಮುದ್ರದ ಪಕ್ಕ. ಕೊನೆಯ ಮೂರು ದಿನ ಜ್ವರದಲ್ಲಿ ನಮ್ಮ ಮಾತೆಲ್ಲ ಅವಳಿಗೆ ಮರೆತುಹೋಗಿ, ತನ್ನ ತಾಯಿನುಡಿಯಲ್ಲಿ ಏನನ್ನೋ ಕೇಳುತ್ತಿದ್ದಳು. ಗಂಡ ನೀರು ಕೊಟ್ಟ, ಕಂಬಳಿ ಹೊದಿಸಿದ, ಮಗಳನ್ನು ಕರೆದ. ಅದಲ್ಲ, ಅದಲ್ಲ ಎಂದು ತಲೆಯಾಡಿಸುತ್ತಲೇ ಹೋದಳು.

"ಯಾರೋ ಗೊತ್ತಿಲ್ದೋರ ಮನೇಲಿ ಸಾಯ್ತಿದೀನಿ ಅನ್ಕೊಂಡ್ಳು ಕಣಮ್ಮ," ಎಂದು ಶಾಲ್ವಾ ಮಗಳು ನತೆಲಾಗೆ ಹೇಳಿದ. "ನೀನಾದ್ರೂ ಒಂದು ಮಾತು ಹೇಳು."

ನತೆಲಾಗೆ ತಾಯಿಯ ಭಾಷೆ ಬರುತ್ತಿರಲಿಲ್ಲ. ಶಾಲ್ವಾನ ತಾಯಿ, ಆ ಅಜ್ಜಿ ಬದುಕಿರುವ ತನಕ ಆ ಮನೆಯಲ್ಲಿ ಬೇರೆ ಮಾತು ಆಡುವಂತಿರಲಿಲ್ಲ. ಅಜ್ಜಿ ಹೋಗುವಷ್ಟರಲ್ಲಿ ಮಗಳಿಗೆ ಮದುವೆಯ ವಯಸ್ಸು.

* * *

ಸೈನ್ಯದಿಂದ ಬರುವಾಗ ಶಾಲ್ವಾ ಅವಳನ್ನು ಮದುವೆಯಾಗಿ ಕರೆತಂದಿದ್ದ. ಆಗ ಜಾರ್ಜಿಯ, ಎಸ್ಟೋನಿಯ ಎರಡೂ ಸೋವಿಯತ್ ದೇಶವೇ. ರೈಲು ಹತ್ತಿದರೆ ತವರು. ಲೈದಾ ಊರಿನ ಸರ್ಕಾರಿ ಅಂಗಡಿಯಲ್ಲಿ ರೊಟ್ಟಿ, ಸಕ್ಕರೆ ಮಾರಲು ನಿಂತಳು.

ಆಗಿನ ರೂಬಲ್ ನೋಟಿನ ಮೇಲೆ ಅದರ ಬೆಲೆ ಹದಿನೈದು ಭಾಷೆಗಳಲ್ಲಿ ಇರುತ್ತಿತ್ತು. ನಾವು ನಮ್ಮ ಸಾಲು ಓದಿಕೊಂಡು ಅದನ್ನು ಮನೆತಿ ಅನ್ನುತ್ತಿದ್ದೆವು. ಕಟ್ಟಕಡೆಯ ಸಾಲು ಲೈದಾಳದು. ಗಿರಾಕಿ ನೋಟು ಚಾಚಿದರೆ ಅದರ ಮೇಲೆ ಬೆರಳಿಟ್ಟು ಓದುವಳು. ಹಳದಿ ಒಂದರ ನೋಟಿಗೆ ಉಕ್ಸ್ ರುಬ್ಲಾ. ಹಸಿರು ಮೂರಕ್ಕೆ ಕೊಲ್ಮ್ ರುಬ್ಲಾ. ನೀಲಿ ಐದಕ್ಕೆ ವೀಸ್ ರುಬ್ಲಾ, ಕೆಂಪು ಹತ್ತಕ್ಕೆ ಕ್ಯುಮ್ಮೆ ರುಬ್ಲಾ. ಅದಕ್ಕಿಂತ ದೊಡ್ಡ ನೋಟನ್ನು ರೊಟ್ಟಿಗೆ ಯಾರು ತರುತ್ತಾರೆ? ಗಿರಾಕಿಯೂ ಹಾಗೆಯೇ ಹೇಳಬೇಕು, ಇಲ್ಲದಿದ್ದರೆ ರೊಟ್ಟಿಯಿಲ್ಲ. ಒಲೆಯ ಮೇಲೆ ಸಾರಿಟ್ಟು ಬಂದಿದ್ದ ಝುಝುನಾ ಒಮ್ಮೆ ರೇಗಿದ್ದಳು, ರೊಟ್ಟಿ ಕೊಡೇ ತಾಯಿ, ಪಾಠ ಆಮೇಲೆ ಎಂದು.

"ಹೇಳೇ," ಎಂದು ಲೈದಾ ನಕ್ಕಿದ್ದಳು. "ನನ್ನೂರ ಮಾತು ದಿನಕ್ಕೆ ನನ್ನ ಕಿವಿಗೆ ಬೀಳೋದು ಇಷ್ಟೇ."

ಆಮೇಲೆ ದೇಶ ಒಡೆಯಿತು. ಆ ನೋಟುಗಳು ಒಲೆ ಹೊತ್ತಿಸಲಿಕ್ಕಾದವು. ತವರಿಗೆ ಹೋಗಲು ವೀಸಾ ಬೇಕಾಯಿತು, ಅವಳು ಮತ್ತೆ ಹೋಗಲೇ ಇಲ್ಲ. ಲಾರಿ ಎಂಬ ನಮ್ಮ ಹೊಸ ಹಣದ ನೋಟು ಬಂದಾಗ ಎರಡೂ ಬದಿ ತಿರುಗಿಸಿ ನೋಡಿ, ಮಾತಾಡದೆ ಗಲ್ಲಾಕ್ಕೆ ಹಾಕಿದಳು. ಅವತ್ತಿನಿಂದ ರೊಟ್ಟಿ ಬೇಗ ಸಿಗುತ್ತಿತ್ತು. ನಮಗೆ ಅದೇ ಸಂಕಟವಾಗುತ್ತಿತ್ತು.

* * *

"ನಂಗೆ ಬರುತ್ತೆ," ಎಂದು ಝುಝುನಾ ಎದ್ದಳು. ಪೆಟ್ಟಿಗೆಯ ಅಂಚು ಹಿಡಿದು, ನಾವು ಅಳುವ ರಾಗದಲ್ಲೇ ಎತ್ತಿಕೊಂಡಳು: "ಉಕ್ಸ್ ರುಬ್ಲಾ, ಲೈದಾ... ಕೊಲ್ಮ್ ರುಬ್ಲಾ, ನನ್ನವ್ವಾ..."

ಬಾಗಿಲಲ್ಲಿ ನಿಂತವರಲ್ಲಿ ಯಾರಿಗೋ ನಗು ಬಂತು. ಬಿಚಿಕೋ ತುಟಿ ಕಚ್ಚಿಕೊಂಡ. ಆದರೆ ಅಲ್ಲಿದ್ದ ಹೆಂಗಸರೆಲ್ಲ ಅವಳ ಕೈಯಿಂದ ರೊಟ್ಟಿ ಕೊಂಡವರೇ. ಒಬ್ಬೊಬ್ಬರಾಗಿ ದನಿಗೂಡಿಸಿದರು. ವೀಸ್ ರುಬ್ಲಾ ಎನ್ನುವಾಗ ನತೆಲಾ ತಾಯಿಯ ಕಾಲ ಮೇಲೆ ಬಿದ್ದು ಅತ್ತಳು. ಹತ್ತು ಮುಗಿದ ಮೇಲೆ ಯಾರಿಗೂ ಮುಂದೆ ಗೊತ್ತಿರಲಿಲ್ಲ. ಮತ್ತೆ ಒಂದರಿಂದ ಹಿಡಿದರು. ಶಾಲ್ವಾನೂ ಗೊಗ್ಗರು ದನಿಯಲ್ಲಿ ಹೇಳುತ್ತಿದ್ದ. ಹೇಳುತ್ತಿದ್ದವನು ನಿಲ್ಲಿಸಿದ.

"ಒಂದಾದ್ಮೇಲೆ ಮೂರಕ್ಕೆ ಹೋಗ್ತೀಯಲ್ಲ ಝುಝುನಾ. ಎರಡಕ್ಕೆ ಏನಂತಾರೆ?"

"ಎರಡರ ನೋಟೇ ಇರ್ಲಿಲ್ವಲ್ಲ ಶಾಲ್ವಣ್ಣ," ಅಂದಳು ಅವಳು. "ನಾನೆಲ್ಲಿ ಕಲೀಲಿ?"

ಅವನು ಉಳಿದ ಹೆಂಗಸರನ್ನು ನೋಡಿದ, ಮಗಳನ್ನು ನೋಡಿದ. ಯಾರಿಗೂ ತಿಳಿದಿರಲಿಲ್ಲ. ಮೂವತ್ತೆಂಟು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದ, ಅವನೂ ಕೇಳಿರಲಿಲ್ಲ.

ಶಾಲ್ವಾ ಮುಚ್ಚಳದ ಮೇಲಿನ ಕೈ ತೆಗೆದ. ಹೆಂಡತಿಯ ಮುಖದ ಹತ್ತಿರ ಬಾಗಿ, ಎರಡು ಬೆರಳು ಜೋಡಿಸಿ ಅವಳ ಮುಚ್ಚಿದ ಕಣ್ಣುಗಳ ಮುಂದೆ ಎತ್ತಿ ಹಿಡಿದ. ಅವಳು ಹೇಳಿಕೊಟ್ಟ ಕೂಡಲೇ ಹೇಳಬೇಕೆಂದು ಬಾಯಿ ತೆರೆದುಕೊಂಡು ನಿಂತ.